ಬಚ್ಚಲುಮನೆಯ ಬೆಂಕಿ, ಕಾಣದ ವಿಷ

(ಅಂಬತ್ತೂರಿನಲ್ಲಿ ಸೇರಿದ್ದ ಹೋಟೆಲು ಮತ್ತು ಗಿರಣಿ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗಳಲ್ಲಿ ನಾವು ಸಂಬಳದ ಮಾತು ಆಡಿದ್ದೇವೆ, ಬೋನಸ್ಸಿನ ಮಾತು ಆಡಿದ್ದೇವೆ, ವಾರದ ರಜೆ, ಇ.ಎಸ್.ಐ. ಚೀಟಿ ಇವೆಲ್ಲದರ ಮಾತೂ ಆಗಿದೆ. ಇಂದು ಬಿಸಿನೀರಿನ ಮಾತು ಆಡಬೇಕಾಗಿದೆ. ಇದೇನು ಸಂಘದಲ್ಲಿ ಮಾತನಾಡುವ ವಿಷಯವೇ ಎಂದು ಕೆಲವರು ನಗಬಹುದು. ಮಾತು ಮುಗಿಯುವ ತನಕ ತಾಳ್ಮೆಯಿಂದ ಕೇಳಿ, ಆಮೇಲೆ ನಗುವುದಾದರೆ ನಗಿ ಎಂದು ಅರಿಕೆ ಮಾಡಿಕೊಳ್ಳುತ್ತೇವೆ.

ಈ ಊರಿನಲ್ಲಿ ವರ್ಷದ ಹೆಚ್ಚು ತಿಂಗಳು ಬಿಸಿನೀರು ಬೇಕಿಲ್ಲ, ನಲ್ಲಿಯ ನೀರೇ ಕಾದು ಬರುತ್ತದೆ. ಆದರೆ ಐಪ್ಪಸಿ, ಕಾರ್ತಿಕದ ಮಳೆ ಹಿಡಿಯಿತೆಂದರೆ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಇಡ್ಲಿ ಅಟ್ಟ ಏರಿಸಬೇಕಾದವನಿಗೂ, ಮೈತುಂಬ ಎಣ್ಣೆಜಿಡ್ಡು ಮೆತ್ತಿಕೊಂಡು ಪಾಳಿಯಿಂದ ಬರುವವನಿಗೂ ಎರಡು ಚೊಂಬು ಬಿಸಿನೀರು ಬೇಕೇ ಬೇಕು. ಮನೆಯಲ್ಲಿ ಮಗು, ಬಾಣಂತಿ, ಮುದುಕರು ಇದ್ದರಂತೂ ಹೇಳುವುದೇ ಬೇಡ. ಹಾಗಾಗಿ ಬಾಡಿಗೆಯ ಕೋಣೆಗಳಲ್ಲಿ, ಹೋಟೆಲಿನವರು ಕೊಟ್ಟ ವಸತಿಗಳಲ್ಲಿ ಗ್ಯಾಸ್ ಗೀಸರ್ ಎಂಬ ಪೆಟ್ಟಿಗೆ ಬಂದು ಗೋಡೆಗೆ ನೇತುಬಿದ್ದಿದೆ. ಕರೆಂಟಿನ ಗೀಸರ್ ಹಾಕಿದರೆ ಬಿಲ್ಲು ಏರುತ್ತದೆಂದು ಮನೆಯ ಒಡೆಯರಿಗೆ ಇಷ್ಟವಿಲ್ಲ. ಗ್ಯಾಸಿನದಾದರೆ ನಲ್ಲಿ ತಿರುಗಿಸಿದ ಕೂಡಲೇ ನೀರು ಬಿಸಿ, ಖರ್ಚೂ ಕಡಿಮೆ. ಅನುಕೂಲವೇ ಸರಿ. ಆದರೆ ಆ ಪೆಟ್ಟಿಗೆಯನ್ನು ಎಲ್ಲಿ ಹೊಡೆದಿದ್ದಾರೆ, ಅದರ ಹೊಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾರು ನೋಡಿದ್ದಾರೆ?

ಬಂಧುಗಳೇ, 2023ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಚಿಕ್ಕಜಾಲದ ಕಡೆ ಒಂದು ಬಾಡಿಗೆ ಮನೆಯ ಬಚ್ಚಲಲ್ಲಿ ಒಬ್ಬ ಯುವಕ, ಒಬ್ಬ ಯುವತಿ ಸತ್ತು ಬಿದ್ದಿದ್ದರು. ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಬೇರೆ ಬೇರೆ ಜಿಲ್ಲೆಗಳಿಂದ ಬಂದವರು, ಮುಂದೆ ಮದುವೆಯಾಗಬೇಕೆಂದಿದ್ದವರು. ಬಚ್ಚಲಿನ ಬಾಗಿಲು, ಕಿಟಕಿ ಎರಡೂ ಮುಚ್ಚಿದ್ದವು, ಗ್ಯಾಸ್ ಗೀಸರ್ ಉರಿಯುತ್ತಿತ್ತು. 2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕತಂಗಿಯರಿಬ್ಬರು ಇದೇ ರೀತಿ ಹೋದರು. ಚಳಿಗಾಲ ಬಂದರೆ ಕರ್ನಾಟಕದ ಪತ್ರಿಕೆಗಳಲ್ಲಿ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ನಾಲ್ಕು ಸಾಲಿನ ಸುದ್ದಿ. ನಾವು ಓದುತ್ತೇವೆ, ಅಯ್ಯೋ ಪಾಪ ಎನ್ನುತ್ತೇವೆ, ಅದೇ ಪತ್ರಿಕೆಯಲ್ಲಿ ಬೋಂಡ ಕಟ್ಟಿ ಕೊಡುತ್ತೇವೆ.

ಆ ಸುದ್ದಿಯ ತಲೆಬರಹ ಸಾಮಾನ್ಯವಾಗಿ "ಗ್ಯಾಸ್ ಗೀಸರ್ ಸೋರಿಕೆ: ಸಾವು" ಎಂದು ಇರುತ್ತದೆ. ಇಂದಿನ ಮಾತಿನ ತಿರುಳು ಇಲ್ಲೇ ಇದೆ, ದಯವಿಟ್ಟು ಗಮನವಿಟ್ಟು ಕೇಳಿ. ಗ್ಯಾಸ್ ಸೋರುವುದು ಬೇರೆ, ಗ್ಯಾಸ್ ಉರಿದು ವಿಷವಾಗುವುದು ಬೇರೆ. ಸೋರಿದರೆ ನಮ್ಮ ಮೂಗಿಗೆ ತಿಳಿಯುತ್ತದೆ. ಸಿಲಿಂಡರಿನ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿದ್ದು ತಿಳಿಯಲೆಂದೇ ಕಂಪೆನಿಯವರು ಕೊಳೆತ ಎಲೆಕೋಸಿನ ಹಾಗೆ ನಾರುವ ಒಂದು ವಸ್ತುವನ್ನು ಬೆರೆಸಿ ಕಳಿಸುತ್ತಾರೆ. ಹೋಟೆಲಿನಲ್ಲಿ ದುಡಿದವರಿಗೆ ಆ ನಾತ ಚೆನ್ನಾಗಿ ಗೊತ್ತು. ಆದರೆ ಬಚ್ಚಲಿನಲ್ಲಿ ಹೆಚ್ಚಾಗಿ ಕೊಲ್ಲುವುದು ಸೋರಿದ ಗ್ಯಾಸಲ್ಲ. ಗ್ಯಾಸು ಉರಿದೇ ಇರುತ್ತದೆ, ನಾರುವ ವಸ್ತುವೂ ಅದರೊಡನೆ ಸುಟ್ಟುಹೋಗಿರುತ್ತದೆ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡು ಎಂಬ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಪೈಪು ಹೊಸದು, ರೆಗ್ಯುಲೇಟರ್ ಹೊಸದು, ವಾಸನೆ ಏನೂ ಇಲ್ಲ, ಆದುದರಿಂದ ಭಯವಿಲ್ಲ ಎಂದು ನಾವು ನಂಬುತ್ತೇವೆ. ಒಂದು ಹನಿ ಗ್ಯಾಸೂ ಸೋರದ ಬಚ್ಚಲಿನಲ್ಲಿಯೂ ಸಾವು ಬರಬಹುದು. ಇದನ್ನು ಮನೆಗೆ ಹೋಗಿ ಎಲ್ಲರಿಗೂ ಹೇಳಬೇಕು.

ನಮ್ಮ ಊರಿನ ಬಚ್ಚಲುಮನೆಯನ್ನು ನೆನೆದುಕೊಳ್ಳಿ. ಕುಂದಾಪುರ, ಉಡುಪಿ, ಶೃಂಗೇರಿ, ಸಾಗರದ ಕಡೆಯವರಿಗೆಲ್ಲ ಅದು ಕಣ್ಣಿಗೆ ಕಟ್ಟಿದ ಹಾಗಿರುತ್ತದೆ. ದೊಡ್ಡ ಹಂಡೆ, ಅದರ ಕೆಳಗೆ ಒಲೆ. ಎಷ್ಟೋ ಮನೆಗಳಲ್ಲಿ ಒಲೆಯ ಬಾಯಿ ಬಚ್ಚಲಿನಿಂದ ಹೊರಗೆ, ತೆಂಗಿನ ಗರಿ, ಮಡಲು ತುರುಕುವುದು ಅಂಗಳದ ಕಡೆಯಿಂದ. ಒಳಗೇ ಒಲೆ ಇದ್ದರೂ ಮೇಲೆ ಹಂಚಿನ ಮಾಡು, ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಹೊಗೆ ಹೆಚ್ಚಾದರೆ ಕಣ್ಣಲ್ಲಿ ನೀರು ಬಂದು ನಾವೇ ಬಾಗಿಲು ತೆಗೆದು ಹೊರಗೆ ಓಡುತ್ತಿದ್ದೆವು. ಆ ಒಲೆಯಲ್ಲಿಯೂ ಇದೇ ವಿಷವಾಯು ಹುಟ್ಟುತ್ತಿತ್ತು. ಆದರೆ ಹೊರಗೆ ಹೋಗಲು ಅದಕ್ಕೆ ದಾರಿ ಇತ್ತು, ಒಳಗಿದ್ದವರನ್ನು ಎಬ್ಬಿಸಲು ಹೊಗೆ ಇತ್ತು. ಗ್ಯಾಸಿನ ಉರಿಗೆ ಮಸಿಯಿಲ್ಲ, ಹೊಗೆಯಿಲ್ಲ. ಹೊಗೆ ಕಾಣದಿದ್ದ ಮಾತ್ರಕ್ಕೆ ಅದು ನಿರಪಾಯ ಎಂದು ತಿಳಿದು, ಆ ಬೆಂಕಿಯನ್ನು ತಂದು ಕಾಂಕ್ರೀಟಿನ ಪೆಟ್ಟಿಗೆಯಂಥ ಬಚ್ಚಲಿನೊಳಗೆ ಇಟ್ಟು ಅಗುಳಿ ಹಾಕಿಕೊಂಡಿದ್ದೇವೆ.

ಇದರ ಲೆಕ್ಕವನ್ನು ಸ್ವಲ್ಪ ನೋಡೋಣ. ನಾವು ಮಿಡ್ಲ್ ಸ್ಕೂಲ್ ತನಕ ಓದಿದವರು, ಅಷ್ಟರಲ್ಲಿ ಆಗುವ ಲೆಕ್ಕವೇ ಇದು. ಒಂದು ಕಿಲೋ ಗ್ಯಾಸು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 12 ಘನ ಮೀಟರ್ ಗಾಳಿ ಬೇಕು. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಪೂರ್ಣ ಉರಿಯಲ್ಲಿ ಗಂಟೆಗೆ ಹೆಚ್ಚು ಕಡಿಮೆ ಒಂದು ಕಿಲೋ ಗ್ಯಾಸು ತಿನ್ನುತ್ತದೆ. ನಮ್ಮ ಬಚ್ಚಲು ಎಷ್ಟು ದೊಡ್ಡದು? ಅಗಲ ನಾಲ್ಕಡಿ, ಉದ್ದ ಆರಡಿ, ಎತ್ತರ ಎಂಟಡಿ ಎಂದಿಟ್ಟುಕೊಳ್ಳಿ. 192 ಘನ ಅಡಿ ಆಯಿತು, ಎಂದರೆ ಐದೂವರೆ ಘನ ಮೀಟರಿಗೂ ಕಡಿಮೆ. ಬಾಗಿಲು, ಕಿಂಡಿ ಮುಚ್ಚಿದರೆ ಆ ಬಚ್ಚಲಿನ ಅಷ್ಟೂ ಗಾಳಿ ಆ ಬೆಂಕಿಗೆ ಅರ್ಧ ಗಂಟೆಗೂ ಸಾಲದು.

ಅರ್ಧ ಗಂಟೆ ನಾವು ಸ್ನಾನ ಮಾಡುವುದಿಲ್ಲವಲ್ಲ ಎನ್ನಬೇಡಿ. ಅಷ್ಟು ಹೊತ್ತು ಬೇಕಾಗಿಯೇ ಇಲ್ಲ. ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ ಇರುತ್ತದೆ. ಅದು ಕೆಲವೇ ಪಾಲು ತಗ್ಗಿದರೂ, ಉರಿದು ಬಂದ ಗಾಳಿಯೇ ಮತ್ತೆ ಬರ್ನರಿಗೆ ಹೋದರೂ ಉರಿ ಕೆಡುತ್ತದೆ. ನೀಲಿಯಾಗಿದ್ದ ಜ್ವಾಲೆ ಹಳದಿಯಾಗುತ್ತದೆ. ಚೆನ್ನಾಗಿ ಉರಿದಾಗ ಇಂಗಾಲಾಮ್ಲ ಮತ್ತು ನೀರಿನ ಆವಿ ಬರುತ್ತಿದ್ದವು, ಈಗ ಅವುಗಳ ಜೊತೆಗೆ ಕಾರ್ಬನ್ ಮಾನಾಕ್ಸೈಡು ಬರಲು ತೊಡಗುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 200 ಪಾಲು ಇದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು. 1,600 ಪಾಲು ಆದರೆ ಇಪ್ಪತ್ತು ನಿಮಿಷದಲ್ಲಿ ತಲೆಸುತ್ತು, ವಾಂತಿ, ಒಂದೆರಡು ಗಂಟೆಯಲ್ಲಿ ಸಾವು. 12,800 ಪಾಲು ಆದರೆ, ಎಂದರೆ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು, ಒಂದರಿಂದ ಮೂರು ನಿಮಿಷ ಸಾಕು.

ಈಗ ನಮ್ಮ ವಸತಿಗಳ ಕಡೆಗೆ ಬರೋಣ. ಸಂಘದ ಕೆಲಸಕ್ಕಾಗಿ ಅಂಬತ್ತೂರು, ಪಾಡಿ, ಕೊರಟ್ಟೂರಿನ ಕಡೆಯ ಕೋಣೆಗಳಿಗೆ ಹೋಗಿ ಬರುವ ನಮಗೆ ಅಲ್ಲಿನ ಸ್ಥಿತಿ ಗೊತ್ತಿದೆ. ಎಂಟು ಹತ್ತು ಮಂದಿಗೆ ಒಂದು ಬಚ್ಚಲು. ಮೇಲೆ ಒಂದು ಮೊಳದ ಕಿಂಡಿ. ಸೊಳ್ಳೆ ಬರುತ್ತದೆಂದು ಅದಕ್ಕೆ ಥರ್ಮೋಕೋಲ್ ತುರುಕಿದ್ದಾರೆ, ಮಳೆಯ ಎರಚಲು ಬರುತ್ತದೆಂದು ರಟ್ಟು ಬಡಿದಿದ್ದಾರೆ, ಇಲ್ಲವೇ ಮಗ್ಗುಲ ಕಟ್ಟಡದ ಗೋಡೆಯೇ ಎದ್ದು ಅದು ಮುಚ್ಚಿಹೋಗಿದೆ. ಗೀಸರ್ ಬಚ್ಚಲಿನ ಒಳಗೆ, ಕೆಲವು ಕಡೆ ಸಿಲಿಂಡರೂ ಒಳಗೆ.

ಇನ್ನು ಸ್ನಾನದ ಸರದಿ. ಹೋಟೆಲಿನ ಪದ್ಧತಿ ನಿಮಗೆ ಹೇಳಬೇಕಾದ್ದಿಲ್ಲ. ಮೊದಲು ಅಡಿಗೆಯ ಭಟ್ಟರು, ಆಮೇಲೆ ಕಾಫಿ ಬೋರ್ಡಿನವರು, ಆಮೇಲೆ ಸಪ್ಲೈಯರುಗಳು, ಎಲ್ಲರೂ ಮುಗಿಸಿದ ಮೇಲೆ ಮೇಜು ಒರೆಸುವ ಹುಡುಗ, ತಟ್ಟೆ ತೊಳೆಯುವ ಹುಡುಗ. ಒಬ್ಬರಾದ ಮೇಲೆ ಒಬ್ಬರು ಹೋಗುವಾಗ ಬಾಗಿಲು ತೆರೆಯುವುದು ಒಂದು ಕ್ಷಣ, ಮತ್ತೆ ಮುಚ್ಚುವುದು. ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗುವುದೇ ಇಲ್ಲ. ಮೊದಲು ಹೋದವನಿಗೆ ಒಳ್ಳೆಯ ಗಾಳಿ. ಕೊನೆಗೆ ಹೋದವನ ಪಾಲಿಗೆ ಮುಂದಿನವರೆಲ್ಲರ ಬೆಂಕಿ ತಿಂದು ಬಿಟ್ಟ ಗಾಳಿ. ಸಂಬಳದಲ್ಲಿ ಕೊನೆಯವನು, ಊಟದಲ್ಲಿ ಕೊನೆಯವನು, ಮಲಗುವುದರಲ್ಲಿ ಕೊನೆಯವನು ಯಾರೋ, ಈ ವಿಷಕ್ಕೆ ಮೊದಲು ಸಿಕ್ಕುವವನೂ ಅವನೇ. ಆದುದರಿಂದಲೇ ಇದು ಸಂಘದ ವಿಷಯ.

ಈ ವಾಯು ಮೈಯೊಳಗೆ ಏನು ಮಾಡುತ್ತದೆ? ನಮ್ಮ ರಕ್ತದ ಕೆಂಪು ಕಣಗಳ ಕೆಲಸ ಆಮ್ಲಜನಕವನ್ನು ಹೊತ್ತು ಮೈಯ ಮೂಲೆ ಮೂಲೆಗೆ ಮುಟ್ಟಿಸುವುದು. ಕಾರ್ಬನ್ ಮಾನಾಕ್ಸೈಡು ಅದೇ ಜಾಗದಲ್ಲಿ ಹೋಗಿ ಕೂರುತ್ತದೆ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ, ಎದ್ದೇಳು ಎಂದರೆ ಏಳುವುದಿಲ್ಲ. ಉಸಿರು ಆಡುತ್ತಲೇ ಇರುತ್ತದೆ, ಆದರೆ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆಭಾರ, ತಲೆನೋವು. ಆಮೇಲೆ ಓಕರಿಕೆ, ಕಣ್ಣು ಮಂಜು. ಅನಂತರ ಕಾಲಿನ ಬಲ ಹೋಗುತ್ತದೆ. ಅಪಾಯ ತಿಳಿದರೂ ಎರಡು ಹೆಜ್ಜೆ ಇಟ್ಟು ಅಗುಳಿ ತೆಗೆಯಲು ಆಗುವುದಿಲ್ಲ. ಬಾಗಿಲ ಬಳಿಯೇ ಕುಸಿದು ಬೀಳುವುದು ಇದರಿಂದಲೇ.

ಬದುಕಿ ಉಳಿದವರ ಕಥೆಯೂ ಇದೆ. ಸ್ನಾನಕ್ಕೆ ಹೋದಾಗಲೆಲ್ಲ ತಲೆ ಸುತ್ತಿದರೆ ಪಿತ್ತ ಎನ್ನುತ್ತೇವೆ, ರಾತ್ರಿ ಊಟ ಮಾಡಲಿಲ್ಲ ಎನ್ನುತ್ತೇವೆ. ಬಚ್ಚಲಿನಲ್ಲಿ ಬಿದ್ದು ಕೈಕಾಲು ಸೆಳೆದರೆ ಮೂರ್ಛೆರೋಗ ಎನ್ನುತ್ತೇವೆ. ನಮ್ಮ ದೇಶದ ನರರೋಗದ ವೈದ್ಯರೇ ಇದನ್ನು ಕಂಡು ಬರೆದಿದ್ದಾರೆ: ಮೂರ್ಛೆರೋಗ ಎಂದು ಬಂದ ಕೆಲವರನ್ನು ವಿಚಾರಿಸಿದಾಗ, ಫಿಟ್ಸ್ ಬಂದದ್ದು ಗ್ಯಾಸ್ ಗೀಸರ್ ಇದ್ದ ಬಚ್ಚಲಿನಲ್ಲಿ ಮಾತ್ರ ಎಂದು ಗೊತ್ತಾಯಿತು. ಅಂಥವರಿಗೆ ಬೇಕಾದದ್ದು ಮಾತ್ರೆಯಲ್ಲ, ಗಾಳಿ.

ದೆವ್ವದ ಕಾಟ ಎಂದವರೂ ಇದ್ದಾರೆ. ಅಮೆರಿಕ ದೇಶದಲ್ಲಿ ವಿಲ್ಮರ್ ಎಂಬ ಕಣ್ಣಿನ ವೈದ್ಯರು 1921ರಲ್ಲಿ ಒಂದು ಕುಟುಂಬದ ವೃತ್ತಾಂತವನ್ನು ಪ್ರಕಟಿಸಿದರು. ಹಳೆಯ ದೊಡ್ಡ ಮನೆಗೆ ಬಂದ ಮೇಲೆ ಮನೆಯವರಿಗೆಲ್ಲ ತಲೆನೋವು, ಸುಸ್ತು. ರಾತ್ರಿ ಯಾರೋ ನಡೆದಾಡಿದ ಸದ್ದು, ಯಾರೋ ಬಂದು ನಿಂತ ಹಾಗೆ ಕಾಣುವುದು. ಮನೆಯಲ್ಲಿ ಭೂತವಿದೆ ಎಂದೇ ತೀರ್ಮಾನವಾಯಿತು. ಕೊನೆಗೆ ನೋಡಿದರೆ ಚಳಿಗೆ ಮನೆ ಬೆಚ್ಚಗಿಡಲು ಉರಿಸುತ್ತಿದ್ದ ಕುಲುಮೆ ಕೆಟ್ಟಿತ್ತು. ಅದರ ಹೊಗೆ ಚಿಮಣಿಯಲ್ಲಿ ಮೇಲೆ ಹೋಗುವುದನ್ನು ಬಿಟ್ಟು ಕೋಣೆಗಳಿಗೆ ಹರಿಯುತ್ತಿತ್ತು. ಕುಲುಮೆ ರಿಪೇರಿಯಾಯಿತು, ಭೂತವೂ ಹೋಯಿತು. ನಮ್ಮ ಕೋಣೆಯಲ್ಲಿ ನಾಲ್ಕು ಜನಕ್ಕೆ ಒಂದೇ ಸಲ ತಲೆನೋವು ಬಂದು, ಹೊರಗೆ ಬೀದಿಗೆ ಬಂದರೆ ವಾಸಿಯಾಗುತ್ತದೆ ಎಂದಾದರೆ, ಮಂತ್ರವಾದಿಯ ಮನೆ ಹುಡುಕಬೇಡಿ. ಒಲೆ, ಗೀಸರ್, ಇದ್ದಿಲು ಎಲ್ಲಿ ಉರಿಯುತ್ತಿದೆ ಎಂದು ಹುಡುಕಿ.

ಗ್ಯಾಸಿನ ಗೀಸರ್ ಒಂದೇ ಅಲ್ಲ. ಮುಚ್ಚಿದ ಕೋಣೆಯಲ್ಲಿ ಉರಿಯುವ ಬೆಂಕಿ ಯಾವುದಾದರೂ ಹೀಗೆಯೇ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿಗೆ ಪ್ರವಾಸ ಹೋದ ಕೇರಳದ ಎಂಟು ಮಂದಿ, ಅವರಲ್ಲಿ ನಾಲ್ಕು ಮಕ್ಕಳು, ಚಳಿಗೆಂದು ಗ್ಯಾಸ್ ಹೀಟರ್ ಹಚ್ಚಿ ಬಾಗಿಲು ಕಿಟಕಿ ಮುಚ್ಚಿ ಮಲಗಿ ಪ್ರಾಣ ಬಿಟ್ಟರು. ನಮ್ಮ ತಮಿಳುನಾಡಿನ ಕೊಡೈಕನಾಲಿನಲ್ಲಿ 2024ರ ಆಗಸ್ಟಿನಲ್ಲಿ ಕೋಣೆಯೊಳಗೆ ಇದ್ದಿಲೊಲೆ ಆರಿಸದೆ ಮಲಗಿದವರಲ್ಲಿ ಇಬ್ಬರು ಸತ್ತರು. 2025ರ ನವೆಂಬರಿನಲ್ಲಿ ಬೆಳಗಾವಿಯ ಒಂದು ಕೋಣೆಯಲ್ಲಿ ಚಳಿಗೆ ಇದ್ದಿಲು ಹಚ್ಚಿಕೊಂಡು ಮಲಗಿದ ಮೂವರು ತರುಣರು ಏಳಲೇ ಇಲ್ಲ. ಕೆಂಡ ಹೊಗೆ ಬಿಡುವುದಿಲ್ಲ, ಆದುದರಿಂದ ಒಳ್ಳೆಯದು ಎಂದು ನಮ್ಮಲ್ಲಿ ತಿಳುವಳಿಕೆ ಇದೆ. ಹೊಗೆಯಾಡದೆ ಕೆಂಪಾಗಿ ಕೂತ ಕೆಂಡವೇ ಈ ವಾಯುವನ್ನು ಹೆಚ್ಚಾಗಿ ಬಿಡುವುದು.

ತಾಯಂದಿರು ಇದನ್ನು ವಿಶೇಷವಾಗಿ ಕೇಳಬೇಕು. ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆ ಇಟ್ಟು, ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚುವ ಪದ್ಧತಿ ನಮ್ಮಲ್ಲಿ ಇನ್ನೂ ಕೆಲವೆಡೆ ಇದೆ. ಹಳ್ಳಿಯ ಹಂಚಿನ ಮನೆಯಲ್ಲಿ ಅದು ನಡೆಯಿತು. ಹತ್ತಡಿಗೆ ಹತ್ತಡಿ ತಾರಸಿ ಕೋಣೆಯಲ್ಲಿ ಅದು ತಾಯಿಮಗುವಿಗೆ ಕಂಟಕ. ಬಸುರಿಯರಿಗೂ ಅಷ್ಟೇ. ತಾಯಿಗೆ ಬರಿಯ ತಲೆನೋವು ಎನಿಸುವಷ್ಟು ವಿಷ ಹೊಟ್ಟೆಯ ಕೂಸಿಗೆ ಹೆಚ್ಚಾಗಿ ತಟ್ಟುತ್ತದೆ, ಬಿಟ್ಟುಹೋಗುವುದೂ ತಡ. ಸಾಂಬ್ರಾಣಿ ಹಾಕಲೇಬೇಕಾದರೆ ಕೆಂಡವನ್ನು ಒಂದು ಸುತ್ತು ತೋರಿಸಿ ಹೊರಗೆ ಇಟ್ಟುಬಿಡಿ, ಕಿಟಕಿ ತೆರೆಯಿರಿ. ಮಳೆಗಾಲದಲ್ಲಿ ಕರೆಂಟು ಹೋದಾಗ ಹೋಟೆಲಿನವರು ಜನರೇಟರನ್ನು ಮೆಟ್ಟಿಲ ಕೆಳಗೋ ಮುಚ್ಚಿದ ಉಗ್ರಾಣದಲ್ಲೋ ಓಡಿಸಿದರೆ, ಅದರ ಹೊಗೆ ಮೇಲಿನ ಕೋಣೆಗಳಲ್ಲಿ ಮಲಗಿದವರನ್ನು ಮುಟ್ಟುತ್ತದೆ. ಅದನ್ನೂ ಬಯಲಲ್ಲೇ ಓಡಿಸಬೇಕು.

ಇದು ಬಡವರಿಗೆ ಮಾತ್ರ ಬರುವ ಸಾವು ಎಂದೂ ತಿಳಿಯಬೇಕಾಗಿಲ್ಲ. ಫ್ರಾನ್ಸ್ ದೇಶದ ದೊಡ್ಡ ಲೇಖಕ ಎಮಿಲಿ ಜೋಲಾ, ಕಲ್ಲಿದ್ದಲ ಗಣಿಯ ಕೆಲಸಗಾರರ ಕಷ್ಟವನ್ನೂ ಮುಷ್ಕರವನ್ನೂ "ಜರ್ಮಿನಾಲ್" ಎಂಬ ಕಾದಂಬರಿಯಲ್ಲಿ 1885ರಲ್ಲಿ ಬರೆದವರು, 1902ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ತಮ್ಮ ಮನೆಯಲ್ಲಿ ಈ ವಾಯುವಿನಿಂದಲೇ ತೀರಿಕೊಂಡರು. ಮಲಗುವ ಕೋಣೆಯ ಅಗ್ಗಿಷ್ಟಿಕೆಯಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು, ಅದರ ಚಿಮಣಿ ಕಟ್ಟಿಕೊಂಡಿತ್ತು. ಹೆಂಡತಿ ಹೇಗೋ ಉಳಿದರು. ಅವರ ಶವಯಾತ್ರೆಗೆ ಗಣಿ ಕೆಲಸಗಾರರು ಬಂದು ಆ ಪುಸ್ತಕದ ಹೆಸರನ್ನೇ ಕೂಗುತ್ತ ನಡೆದರು. ಚಿಮಣಿ ಇದ್ದರೆ ಸಾಲದು, ಅದು ತೆರೆದಿರಬೇಕು.

ಆದುದರಿಂದ ಹೊಗೆಕೊಳವೆಯ ಮಾತು. ಕೆಲವು ಗೀಸರುಗಳಿಗೆ ಮೇಲೆ ಕೊಳವೆ ಇರುತ್ತದೆ. ಅಂಥದಕ್ಕೆ ಕೊಳವೆ ಹಾಕದೆ ಬಿಟ್ಟರೆ ಪ್ರಯೋಜನವಿಲ್ಲ. ಕೊಳವೆ ಮೇಲುಮುಖವಾಗಿ ಹೋಗಬೇಕು, ಎಲ್ಲಿಯೂ ಕೆಳಗೆ ಬಾಗಬಾರದು. ಕೀಲುಗಳು ಬಿಗಿಯಾಗಿರಬೇಕು. ಅದರ ತುದಿ ಬಯಲಿಗೆ ಬರಬೇಕು, ಅಟ್ಟದೊಳಗೆ, ಮುಚ್ಚಿದ ಗೂಡಿನೊಳಗೆ, ಇನ್ನೊಬ್ಬರ ಕಿಟಕಿಯ ಕೆಳಗೆ ಬರಬಾರದು. ಪಾರಿವಾಳ, ಅಳಿಲು ಅದರೊಳಗೆ ಗೂಡು ಕಟ್ಟುತ್ತವೆ, ವರ್ಷಕ್ಕೊಮ್ಮೆ ತೆಗೆದು ನೋಡಬೇಕು. ಇನ್ನೊಂದು ಸೂಕ್ಷ್ಮ: ಅಡಿಗೆಮನೆಯ ದೊಡ್ಡ ಎಕ್ಸಾಸ್ಟ್ ಫ್ಯಾನು ಗಾಳಿಯನ್ನು ಹೊರಗೆ ಎಳೆಯುತ್ತಿರುವಾಗ ಒಳಗೆ ಬರಲು ಬೇರೆ ಕಿಂಡಿ ಇಲ್ಲದಿದ್ದರೆ, ಅದು ಗೀಸರಿನ ಕೊಳವೆಯಿಂದಲೇ ಹೊಗೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಗಾಳಿ ಬರಲು ಒಂದು ದಾರಿ, ಹೊಗೆ ಹೋಗಲು ಒಂದು ದಾರಿ. ಬೆಂಕಿ ಇರುವಲ್ಲಿ ಈ ಎರಡೂ ಇರಲೇಬೇಕು. ಒಂದು ಇದ್ದು ಒಂದು ಇಲ್ಲದಿದ್ದರೆ ಎರಡೂ ಇಲ್ಲದ ಹಾಗೆಯೇ.

ನಮ್ಮ ಕೋಣೆಗಳಲ್ಲಿ ಕಾಣುವ ಚಿಕ್ಕ ಗೀಸರುಗಳಿಗೆ ಸಾಮಾನ್ಯವಾಗಿ ಕೊಳವೆಯೇ ಇಲ್ಲ. ಅವುಗಳ ಜಾಗ ಬಚ್ಚಲಿನ ಹೊರಗೆ, ಗಾಳಿಯಾಡುವ ಬಾಲ್ಕನಿಯಲ್ಲಿಯೋ ಹೊರಗೋಡೆಯಲ್ಲಿಯೋ. ಒಳಗೆ ಬರಬೇಕಾದದ್ದು ಬಿಸಿನೀರಿನ ಪೈಪು ಮಾತ್ರ. ಹೊರಗೆ ಹಾಕಿದರೂ ಬಚ್ಚಲಿನ ಕಿಂಡಿಯ ಕೆಳಗೇ ಹಾಕಬಾರದು.

ಗೀಸರ್ ಹೊರಗೆ ಹೋಗುವ ತನಕ ಏನು ಮಾಡಬೇಕು? ಹೇಳುತ್ತೇವೆ, ನೆನಪಿಟ್ಟುಕೊಳ್ಳಿ. ಬಾಗಿಲು ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ. ಗೀಸರ್ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ. ಸ್ವಲ್ಪ ಹೊತ್ತು ಗಾಳಿ ಆಡಲಿ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಸ್ನಾನ ಮಾಡಿ. ಗೀಸರ್ ಉರಿಯುತ್ತಿರುವಾಗ ಯಾರೂ ಅಗುಳಿ ಹಾಕಬಾರದು. ಕಿಂಡಿಗೆ ತುರುಕಿದ ರಟ್ಟನ್ನು ಇಂದೇ ಕಿತ್ತುಹಾಕಿ, ಸೊಳ್ಳೆಗೆ ಬಲೆ ಬಡಿಯಿರಿ. ಜ್ವಾಲೆ ಹಳದಿಯಾದರೆ, ಗೀಸರಿನ ಮೇಲೆ ಮಸಿ ಕಂಡರೆ ಆರಿಸಿ ಮೆಕ್ಯಾನಿಕ್‌ನನ್ನು ಕರೆಸಿ. ಐ.ಎಸ್.ಐ. ಗುರುತಿಲ್ಲದ ಹಳೆಯ ಮಾಲನ್ನು ಗುಜರಿಯಿಂದ ತರಬೇಡಿ. ಈ ವಾಯುವನ್ನು ಕಂಡುಹಿಡಿದು ಕೂಗುವ ಚಿಕ್ಕ ಯಂತ್ರವೂ ಈಗ ಅಂಗಡಿಯಲ್ಲಿ ಸಿಗುತ್ತದೆ. ಹಿಂದೆ ಬ್ರಿಟನ್ನಿನ ಗಣಿಗಳಲ್ಲಿ ಇದಕ್ಕೆ ಕ್ಯಾನರಿ ಎಂಬ ಹಕ್ಕಿಯನ್ನು ಪಂಜರದಲ್ಲಿ ಒಯ್ಯುತ್ತಿದ್ದರು, ಮನುಷ್ಯರಿಗಿಂತ ಮೊದಲು ಅದು ಬೀಳುತ್ತಿತ್ತು. ಹತ್ತು ಜನ ಸೇರಿ ಕೊಂಡರೆ ಒಂದು ಯಂತ್ರ ಭಾರವಲ್ಲ. ಆದರೆ ಯಂತ್ರವಿದೆ ಎಂದು ಗೀಸರನ್ನು ಒಳಗೇ ಬಿಡಬಾರದು.

ಸ್ನಾನಕ್ಕೆ ಹೋದವನು ಕರೆದರೆ ಓಗೊಡದಿದ್ದರೆ ತಡಮಾಡಬೇಡಿ, ನಾಚಿಕೆಪಡಬೇಡಿ, ಬಾಗಿಲು ಒಡೆಯಿರಿ. ಮೊದಲು ಬಾಗಿಲು ಕಿಟಕಿ ತೆರೆದು, ಗ್ಯಾಸ್ ನಿಲ್ಲಿಸಿ, ಅವನನ್ನು ಬಯಲಿಗೆ ಎಳೆದು ತನ್ನಿ. ಒಳಗೇ ನಿಂತು ನೀರು ಚಿಮುಕಿಸುತ್ತ ಕೂತರೆ ನೀವೂ ಬೀಳುತ್ತೀರಿ. 108ಕ್ಕೆ ಫೋನು ಮಾಡಿ. ಉಸಿರು ನಿಂತಿದ್ದರೆ ತಿಳಿದವರು ಎದೆ ಒತ್ತಿ ಉಸಿರು ಕೊಡಲಿ. ಗ್ಯಾಸಿನ ನಾತ ಬರುತ್ತಿದ್ದರೆ ಸ್ವಿಚ್ಚು ಮುಟ್ಟಬೇಡಿ, 1906 ಎಂಬ ಗ್ಯಾಸ್ ತುರ್ತು ನಂಬರಿಗೂ ತಿಳಿಸಿ.

ಆಸ್ಪತ್ರೆಯಲ್ಲಿ ವೈದ್ಯರಿಗೆ ಒಂದು ಮಾತು ಮರೆಯದೆ ಹೇಳಿ: "ಗ್ಯಾಸ್ ಗೀಸರ್ ಉರಿಯುತ್ತಿದ್ದ ಬಚ್ಚಲಲ್ಲಿ ಬಿದ್ದಿದ್ದ." ಇದು ಬಹಳ ಮುಖ್ಯ. ಏತಕ್ಕೆಂದರೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷವನ್ನೂ ಆಮ್ಲಜನಕವನ್ನೂ ಬೇರೆ ಮಾಡಿ ಹೇಳಲಾರದು. ರಕ್ತದಲ್ಲಿ ವಿಷ ತುಂಬಿದ್ದರೂ ಅದು 98, 99 ಎಂದೇ ತೋರಿಸಬಹುದು. ಬರಿಯ ಗಾಳಿಯಲ್ಲಿ ರಕ್ತದ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದು, ಒಂದೂವರೆ ಗಂಟೆ ಸಾಕು. ಎಚ್ಚರ ಬಂತು, ಕಾಫಿ ಕುಡಿದ, ಸರಿಹೋದ ಎಂದು ಮನೆಗೆ ಕರೆತರಬೇಡಿ. ಕೆಲವರಿಗೆ ವಾರಗಳು ಕಳೆದ ಮೇಲೆ ಮರೆವು, ನಡೆಯುವಾಗ ತೊದರು, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುತ್ತವೆ. ನಾಲ್ಕು ಮೇಜಿನ ಆರ್ಡರನ್ನು ಬಾಯಲ್ಲೇ ಇಟ್ಟುಕೊಂಡು ದುಡಿಯುವ ಸಪ್ಲೈಯರಿಗೆ ಮರೆವು ಬಂದರೆ ಅವನ ಅನ್ನವೇ ಹೋಯಿತು.

ಇಷ್ಟು ನಮ್ಮ ಕೈಯಲ್ಲಿರುವುದು. ಆದರೆ ಎಲ್ಲವನ್ನೂ ಕೆಲಸಗಾರನ ಎಚ್ಚರಿಕೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಗೋಡೆ ನಮ್ಮದಲ್ಲ, ಕಿಂಡಿ ನಮ್ಮದಲ್ಲ, ಗೀಸರ್ ಹೊಡೆದವರು ನಾವಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲಿ ಕೆಲಸದ ಕೋಣೆಗಳಿಗೆ ಗಾಳಿ ಆಡುವ ವ್ಯವಸ್ಥೆ ಇರಬೇಕೆಂದು ಒಂದು ಕಲಮೇ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಕಾಯಿದೆಯ ಹೆಸರು ಏನಾದರೂ ಇರಲಿ, ಗಿರಣಿಯ ಒಳಗೆ ಗಾಳಿ ಬೇಕೆಂಬುದನ್ನು ಎಲ್ಲರೂ ಒಪ್ಪಿದ್ದಾರೆ. ಅದೇ ಕೆಲಸಗಾರ ಪಾಳಿ ಮುಗಿಸಿ ಬಂದು ಸ್ನಾನ ಮಾಡುವ ಬಚ್ಚಲಿನಲ್ಲಿ ಗಾಳಿ ಇದೆಯೇ ಎಂದು ನೋಡುವವರು ಯಾರು?

ಇದು ಸಣ್ಣ ವಿಷಯ ಎನ್ನುವವರಿಗೆ ಒಂದು ಮಾತು ಜ್ಞಾಪಿಸುತ್ತೇವೆ. 1918ರಲ್ಲಿ ಇದೇ ಊರಿನ ಪೆರಂಬೂರಿನಲ್ಲಿ ಗಿರಣಿ ಕೆಲಸಗಾರರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದಾಗ ಎತ್ತಿದ ಮೊದಲ ದೂರುಗಳಲ್ಲಿ ಮಧ್ಯಾಹ್ನದ ಊಟಕ್ಕೆ ಕೊಡುವ ವೇಳೆ ಸಾಲದು ಎಂಬುದೂ ಒಂದು. ಆ ಗಿರಣಿ 1996ರಲ್ಲಿ ಮುಚ್ಚಿತು. ಆದರೆ ಊಟ ಮಾಡಲು ಬಿಡುವು ಕೇಳುವುದು ಸಂಘದ ಕೆಲಸ ಎಂಬುದನ್ನು ಅವರು ತೋರಿಸಿಕೊಟ್ಟು ಹೋದರು. ಉಸಿರಾಡಲು ಗಾಳಿ ಕೇಳುವುದು ಅದಕ್ಕಿಂತ ಸಣ್ಣದೇ?

ಆದುದರಿಂದ ಈ ಸಭೆಯ ಮುಂದೆ ಮೂರು ಸೂಚನೆ ಇಡುತ್ತೇವೆ. ಮೊದಲನೆಯದು, ಮಳೆಗಾಲಕ್ಕೆ ಮುಂಚೆ ಸಂಘದ ಕಾರ್ಯಕರ್ತರು ಇಬ್ಬಿಬ್ಬರಾಗಿ ನಮ್ಮವರು ಇರುವ ಕೋಣೆಗಳಿಗೆಲ್ಲ ಹೋಗಿ ಗೀಸರ್ ಎಲ್ಲಿದೆ, ಕಿಂಡಿ ತೆರೆದಿದೆಯೇ ಎಂದು ಬರೆದುಕೊಂಡು ಬರಬೇಕು. ಎರಡನೆಯದು, ಹೋಟೆಲಿನ ವಸತಿಗಳಲ್ಲಿ ಗೀಸರನ್ನು ಯಜಮಾನರ ಖರ್ಚಿನಲ್ಲಿಯೇ ಹೊರಗೆ ಹಾಕಿಸಬೇಕೆಂದು ಸಂಘದ ಹೆಸರಿನಲ್ಲಿ ಕಾಗದ ಕೊಡಬೇಕು. ಹೊರಗೆ ಜಾಗವಿಲ್ಲದಿದ್ದರೆ, ಸರಿಯಾದ ಅರ್ತಿಂಗ್ ಇರುವ ಕರೆಂಟಿನ ಗೀಸರೋ ತಾರಸಿಯ ಮೇಲೆ ಸೂರ್ಯನ ಬಿಸಿಲಿನ ಹೀಟರೋ ಹಾಕಿಸಲಿ. ಒಂದು ಪೈಪು ಹತ್ತಡಿ ಉದ್ದ ಎಳೆಯುವ ಖರ್ಚು ಒಂದು ದಿನದ ಕಾಫಿ ವ್ಯಾಪಾರದ ಮುಂದೆ ಏನೂ ಅಲ್ಲ. ಮೂರನೆಯದು, ಹೀಗೆ ಕೇಳಿದ ಹುಡುಗನನ್ನು ಯಾರೂ ಕೆಲಸದಿಂದ ತೆಗೆಯಬಾರದು. ತೆಗೆದರೆ ಅದು ಅವನೊಬ್ಬನ ಜಗಳವಾಗಿ ಉಳಿಯುವುದಿಲ್ಲ, ನಮ್ಮೆಲ್ಲರದೂ ಆಗುತ್ತದೆ. ಒಳ್ಳೆಯ ಯಜಮಾನರೂ ನಮ್ಮಲ್ಲಿ ಇದ್ದಾರೆ, ತಿಳಿಸಿ ಹೇಳಿದರೆ ಅವರೇ ಮುಂದೆ ಬಂದು ಮಾಡಿಸುತ್ತಾರೆಂಬ ನಂಬಿಕೆ ಇದೆ.

ಅಷ್ಟರವರೆಗೆ ಪ್ರತಿಯೊಂದು ಕೋಣೆಯಲ್ಲಿಯೂ ಒಂದು ಕಟ್ಟಳೆ ಮಾಡಿಕೊಳ್ಳಿ. ನಾಳೆಯಿಂದ ಸ್ನಾನದ ಸರದಿಯಲ್ಲಿ ಚಿಕ್ಕ ಹುಡುಗರನ್ನು ಮೊದಲು ಕಳಿಸಿ. ದೊಡ್ಡವರು ಹೊರಗೆ ನಿಂತು, ಒಳಗಿರುವವನನ್ನು ಆಗಾಗ ಹೆಸರು ಹಿಡಿದು ಕೂಗುತ್ತಿರಿ. ಅವನ ತಾಯಿತಂದೆ ನಮ್ಮ ಭರವಸೆಯ ಮೇಲೆ ಅವನನ್ನು ಇಷ್ಟು ದೂರ ಕಳಿಸಿದ್ದಾರೆ.

 ಸೂಚನೆಗಳನ್ನು ಅಧ್ಯಕ್ಷರು ಸಭೆಯ ಒಪ್ಪಿಗೆಗೆ ಇಡಬೇಕೆಂದು ಕೋರುತ್ತೇವೆ.